ಮಲೆನಾಡಿನ ಮಕ್ಕಳ ಮರಣ: ಶಿವಮೊಗ್ಗ–ಭದ್ರಾವತಿ ಪ್ರದೇಶದ ಜನಸಂಖ್ಯಾ ಚರಿತ್ರೆಯ ಕೆಲವು ಅಂಶಗಳು

ಒಂದು ಪ್ರದೇಶದಲ್ಲಿ ಸಾವು ಹೆಚ್ಚಿತ್ತೆಂದು ಹೇಳುವುದು ಸುಲಭ. ಆ ಸಾವು ಯಾವ ವಯಸ್ಸಿನವರನ್ನು ಆರಿಸಿಕೊಂಡಿತ್ತು ಎಂಬುದನ್ನು ಹೇಳುವುದು ಕಷ್ಟ. ಹಳೆಯ ಮೈಸೂರು ಸಂಸ್ಥಾನದ ಮಲೆನಾಡಿನ ಕುರಿತ ಬರಹಗಳಲ್ಲಿ ‘ರೋಗಪೀಡಿತ ನಾಡು’, ‘ಜನ ಕ್ಷಯಿಸುತ್ತಿರುವ ನಾಡು’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಆದರೆ ಕ್ಷಯದ ಹೊರೆಯಲ್ಲಿ ಮಕ್ಕಳ ಪಾಲೆಷ್ಟು, ಉಳಿದವರ ಪಾಲೆಷ್ಟು ಎಂಬ ಪ್ರಶ್ನೆಯನ್ನು ಬೇರ್ಪಡಿಸಿ ನೋಡಿದವರು ಕಡಿಮೆ. ತುಂಗಾ ತೀರದ ಶಿವಮೊಗ್ಗ ಮತ್ತು ಭದ್ರಾ ತೀರದ ಭದ್ರಾವತಿ ಈ ಪ್ರಶ್ನೆಯ ಅಧ್ಯಯನಕ್ಕೆ ತಕ್ಕ ಜೋಡಿ. ಒಂದು ಹಳೆಯ ಆಡಳಿತ ಕೇಂದ್ರ ಹಾಗೂ ಮಂಡಿಪೇಟೆಯ ಊರು. ಇನ್ನೊಂದು ಬೆಂಕಿಪುರವೆಂಬ ಸಣ್ಣ ಊರಾಗಿದ್ದು ಕಾರ್ಖಾನೆಯಿಂದ ಪಟ್ಟಣವಾದದ್ದು.

ಮೊದಲು ಅಳತೆಯ ವಿಚಾರ. ಶಿಶು ಮರಣ ದರವನ್ನು ಸಾವಿರ ಜೀವಂತ ಜನನಗಳಿಗೆ ಲೆಕ್ಕ ಹಾಕಲಾಗುತ್ತದೆ, ಸಾಮಾನ್ಯ ಮರಣ ದರವನ್ನು ಸಾವಿರ ಜನಸಂಖ್ಯೆಗೆ. ಎರಡರ ಛೇದಗಳೇ ಬೇರೆಯಾದುದರಿಂದ ಅವುಗಳನ್ನು ನೇರವಾಗಿ ಪಕ್ಕಪಕ್ಕದಲ್ಲಿಟ್ಟು ಹೋಲಿಸಲಾಗದು; ಕಾಲಕ್ರಮದಲ್ಲಿ ಪ್ರತಿಯೊಂದೂ ಯಾವ ದಿಕ್ಕಿನಲ್ಲಿ, ಎಷ್ಟು ವೇಗದಲ್ಲಿ ಸಾಗಿತು ಎಂಬುದನ್ನು ಮಾತ್ರ ಹೋಲಿಸಬಹುದು. ಜೊತೆಗೆ ಸಂಸ್ಥಾನದ ಕಾಲದಲ್ಲಿ ಜನನ ಮರಣಗಳನ್ನು ಬರೆದಿಡುತ್ತಿದ್ದವರು ಗ್ರಾಮಾಧಿಕಾರಿಗಳು. ಮನೆಯ ಯಜಮಾನ ಸತ್ತರೆ ಪಹಣಿ, ಕಂದಾಯಗಳ ಕಾರಣಕ್ಕಾದರೂ ಅದು ಲೆಕ್ಕಕ್ಕೆ ಬರುತ್ತಿತ್ತು. ಹೆಸರಿಡುವ ಮುನ್ನವೇ ತೀರಿಹೋದ ಕೂಸಿಗೆ ಅಂತಹ ಯಾವ ಕಾರಣವೂ ಇರಲಿಲ್ಲ. ಆದ್ದರಿಂದ ದಾಖಲೆಯಲ್ಲಿ ಮಕ್ಕಳ ಸಾವು ಕಡಿಮೆ ಕಂಡಲ್ಲೆಲ್ಲ ಸಂತೋಷಪಡುವಂತಿಲ್ಲ.

ದಾಖಲೆ ಮೌನವಾದಲ್ಲಿ ಜನರ ರೂಢಿ ಮಾತನಾಡುತ್ತದೆ. ಹುಟ್ಟಿದ ಮಕ್ಕಳು ನಿಲ್ಲದ ಮನೆಗಳಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ, ತಿಪ್ಪಮ್ಮ ಎಂದೋ, ಕಲ್ಲಿನಂತೆ ಗಟ್ಟಿಯಾಗಿ ಉಳಿಯಲೆಂದು ಗುಂಡ, ಕಲ್ಲ ಎಂದೋ ಕರೆಯುವ ವಾಡಿಕೆ ಕನ್ನಡ ನಾಡಿನಲ್ಲಿ ವ್ಯಾಪಕವಾಗಿತ್ತು. ಇಂತಹ ಹೆಸರುಗಳೆಲ್ಲ ಸಾವಿನ ಗುರುತೆಂದು ತಿಳಿಯುವುದೂ ತಪ್ಪು; ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತರ ಮನೆಗಳಲ್ಲಿ ಅದೇ ಹೆಸರು ಹರಕೆಯಿಂದ ಬಂದದ್ದು. ಮಲೆನಾಡಿನಲ್ಲಿ ಇನ್ನೊಂದು ಮಾತಿತ್ತು: ಜ್ವರಗಡ್ಡೆ. ಮೇಲಿಂದ ಮೇಲೆ ಬಂದ ಚಳಿಜ್ವರದಿಂದ ಮಗುವಿನ ಗುಲ್ಮ ಊದಿ, ಹೊಟ್ಟೆಯ ಎಡಭಾಗದಲ್ಲಿ ಕೈಗೆ ಸಿಗುವಷ್ಟು ಗಟ್ಟಿಯಾಗುತ್ತಿದ್ದುದನ್ನು ಜನ ಹೀಗೆ ಕರೆದರು. ವೈದ್ಯವಿಜ್ಞಾನವೂ ಹಿಡಿದದ್ದು ಇದೇ ಗಡ್ಡೆಯನ್ನು. ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ ಗುಲ್ಮ ಊದಿದವರ ಪ್ರಮಾಣವೇ ಒಂದು ಊರಿನ ಮಲೇರಿಯಾ ತೀವ್ರತೆಯ ಮಾಪಕವಾಯಿತು. 1920ರ ದಶಕದ ಕೊನೆಯಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನ ಕೈಗೊಂಡ ಮಲೇರಿಯಾ ಸಂಶೋಧನೆ, ಅದರಲ್ಲೂ ಮಲೆನಾಡಿನ ಮೂಡಿಗೆರೆಯ ಕೇಂದ್ರದ ಕೆಲಸ, ಈ ಕ್ರಮವನ್ನು ಅನುಸರಿಸಿತು.

ಅಳೆಯಲು ಮಕ್ಕಳನ್ನೇ ಆರಿಸಿದ್ದೇಕೆ ಎಂಬುದರಲ್ಲಿ ಇಡೀ ವಿಷಯದ ಕೀಲಿಯಿದೆ. ಮಲೆನಾಡಿನ ಹರಿಯುವ ಹಳ್ಳ, ತೋಡುಗಳಲ್ಲಿ ಬೆಳೆಯುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆಯಿಂದ ರೋಗ ವರ್ಷವರ್ಷವೂ ಹರಡುತ್ತಿತ್ತು. ಬಾಲ್ಯವನ್ನು ದಾಟಿ ಉಳಿದವರ ದೇಹ ರೋಗಕ್ಕೆ ಭಾಗಶಃ ಒಗ್ಗಿಕೊಳ್ಳುತ್ತಿತ್ತು. ಅವರು ನರಳಿದರೂ ಸಾಯುವುದು ಕಡಿಮೆ. ಒಗ್ಗಿಕೊಳ್ಳಲು ಕಾಲಾವಕಾಶವಿಲ್ಲದವರು ಎಳೆಯ ಮಕ್ಕಳು. ಬಸುರಿಯರ, ವಿಶೇಷವಾಗಿ ಚೊಚ್ಚಲ ಬಸುರಿಯರ ಮಲೇರಿಯಾದಿಂದ ಕೂಸು ತೂಕವಿಲ್ಲದೆ ಹುಟ್ಟುತ್ತಿದ್ದುದು ಇನ್ನೊಂದು ಹೊರೆ. ಸಿಡುಬಿನ ಮಾತೂ ಇದೇ: ಒಮ್ಮೆ ಬಂದು ಹೋದವರಿಗೆ ಮತ್ತೆ ಬಾರದ ಕಾಯಿಲೆ ಪ್ರತಿ ಸಲವೂ ಹೊಸದಾಗಿ ಹುಟ್ಟಿದವರನ್ನೇ ಹುಡುಕುತ್ತಿತ್ತು. ನೆಲೆನಿಂತ ರೋಗಗಳ ಊರಿನಲ್ಲಿ ಮಕ್ಕಳ ಸಾವು ಉಳಿದವರ ಸಾವನ್ನು ಬಹುವಾಗಿ ಮೀರುವುದು ಈ ಕಾರಣದಿಂದ.

ಹೊಸದಾಗಿ ಬರುವ ರೋಗದ ನಡೆ ಬೇರೆ. ಅದಕ್ಕೆ ಎಲ್ಲರೂ ಹೊಸಬರೇ. 1898ರಲ್ಲಿ ಪ್ಲೇಗು ಸಂಸ್ಥಾನವನ್ನು ಹೊಕ್ಕಿತು. ಮರುವರ್ಷವೇ ಬೀರೂರು–ಶಿವಮೊಗ್ಗ ರೈಲುಮಾರ್ಗ ತೆರೆಯಿತು. ಧಾನ್ಯದ ಮೂಟೆಗಳ ಜೊತೆ ಇಲಿ, ಚಿಗಟಗಳೂ ಸಾಗುವುದರಿಂದ ಪೇಟೆಬೀದಿಯ ದುಡಿಯುವ ವಯಸ್ಸಿನವರೂ ಈ ರೋಗದ ದಾರಿಯಲ್ಲಿ ನಿಂತರು. 1918ರ ಇನ್‌ಫ್ಲುಯೆಂಜಾ ಎಳೆಯ ಮಕ್ಕಳ ಜೊತೆಗೆ ಇಪ್ಪತ್ತರಿಂದ ನಲವತ್ತರೊಳಗಿನ ಗಟ್ಟಿಮುಟ್ಟಾದವರನ್ನೂ ವಿಪರೀತವಾಗಿ ಕೊಂದಿತು. ಸಂಸ್ಥಾನದ ಜನಸಂಖ್ಯೆ 1911ರಲ್ಲಿ 58,06,193 ಇದ್ದದ್ದು 1921ರಲ್ಲಿ 59,78,892 ಆಯಿತು. ಹತ್ತು ವರ್ಷದ ಹೆಚ್ಚಳ ಶೇಕಡಾ 3ರಷ್ಟು ಮಾತ್ರ. ಹರೆಯದ ತಾಯಂದಿರು ತೀರಿಕೊಂಡಾಗ ಮೊಲೆಹಾಲಿಲ್ಲದ ಕೂಸುಗಳು ಹಿಂದೆಯೇ ಹೋದವು. ಇನ್‌ಫ್ಲುಯೆಂಜಾದ ಲೆಕ್ಕದಲ್ಲಿ ಈ ಸಾವುಗಳು ಬರೆಯಲ್ಪಡುವುದಿಲ್ಲ, ಆದರೆ ಅವು ಅದರವೇ.

ಇದಕ್ಕೂ ಹಿಂದಿನ 1876–78ರ ಕ್ಷಾಮವನ್ನು ಇಲ್ಲಿ ಉದ್ದಕ್ಕೆ ಚರ್ಚಿಸಬೇಕಾಗಿಲ್ಲ. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನ 1881ಕ್ಕೆ 41,86,188ಕ್ಕೆ ಇಳಿದರು. ಮಳೆ ತೀರಾ ಕೈಕೊಡದ ಮಲೆನಾಡಿಗೆ ತಗುಲಿದ ಪೆಟ್ಟು ಬಯಲುಸೀಮೆಗಿಂತ ಹಗುರ. ಮಲೆನಾಡಿನ ಶತ್ರು ಹಸಿವಿಗಿಂತ ಹೆಚ್ಚಾಗಿ ಜ್ವರ.

ಈ ಹಿನ್ನೆಲೆಯಲ್ಲಿ ಭದ್ರಾವತಿಯ ಪ್ರಕರಣ ವಿಶಿಷ್ಟವಾಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912–18) ರೂಪುಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1930ರ ದಶಕದ ಉತ್ತರಾರ್ಧದಲ್ಲಿ ಕಾಗದದ ಕಾರ್ಖಾನೆ ಸೇರಿಕೊಂಡಿತು. ಕುಲುಮೆಗೆ ಬೇಕಾದ ಇದ್ದಿಲಿಗಾಗಿ ಕಾಡು ಕಡಿಯುವವರು, ಕೆಮ್ಮಣ್ಣುಗುಂಡಿಯಲ್ಲಿ ಅದಿರು ಅಗೆಯುವವರು, ಕಾರ್ಖಾನೆಯ ಕೂಲಿಗಳು, ಕುಶಲಕರ್ಮಿಗಳು ಬಯಲುಸೀಮೆಯಿಂದಲೂ ತಮಿಳು, ತೆಲುಗು ನಾಡುಗಳಿಂದಲೂ ಬಂದರು. ಮಲೆನಾಡಿನ ಜ್ವರಕ್ಕೆ ಇವರ ಮೈ ಒಗ್ಗಿದುದಲ್ಲ. ಹೀಗಾಗಿ ಒಂದೇ ಮಲೇರಿಯಾ ಹತ್ತಿರದ ಹಳ್ಳಿಯಲ್ಲಿ ಮಕ್ಕಳ ಕಾಯಿಲೆಯಾಗಿದ್ದು, ಕಾರ್ಖಾನೆಯ ಲೈನುಮನೆಗಳಲ್ಲಿ ಎಲ್ಲ ವಯಸ್ಸಿನವರ ಕಾಯಿಲೆಯಾಯಿತು. ಕಾರ್ಖಾನೆ ಆಸ್ಪತ್ರೆ ಕಟ್ಟಿದ್ದರ, ಕ್ವಿನೈನ್ ಹಂಚಿದ್ದರ ಹಿಂದೆ ಉದಾರತೆಯಷ್ಟೇ ಇರಲಿಲ್ಲ. ಜ್ವರದಲ್ಲಿ ಮಲಗಿದ ಆಳಿನಿಂದ ಕುಲುಮೆ ಉರಿಯದು. ಹಳ್ಳಿಯ ಮಗುವಿನ ಜ್ವರಕ್ಕೆ ಇಂತಹ ಆರ್ಥಿಕ ತೂಕವಿರಲಿಲ್ಲ.

ಭದ್ರಾವತಿಯ ಅಂಕಿಗಳನ್ನು ಓದುವಾಗ ಇನ್ನೆರಡು ತೊಡಕುಗಳಿವೆ. ಕಾರ್ಖಾನೆಯ ಊರಿನಲ್ಲಿ ದುಡಿಯುವ ವಯಸ್ಸಿನ ಗಂಡಸರು ಹೆಚ್ಚು, ಮುದುಕರು ಕಡಿಮೆ. ಇಂತಹ ಊರಿನ ಸಾಮಾನ್ಯ ಮರಣ ದರ ತಾನಾಗಿಯೇ ಕೆಳಗಿರುತ್ತದೆ; ಅದರ ಮುಂದೆ ಮಕ್ಕಳ ಸಾವು ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ. ಎರಡನೆಯದು ತವರಿನ ಬಾಣಂತನ. ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುವುದು ರೂಢಿ. ಅತ್ಯಂತ ಅಪಾಯದ ಆ ಜನನ, ಅದರ ಬೆನ್ನಿಗೆ ಬರಬಹುದಾದ ಸಾವು ಎರಡೂ ಬೇರೊಂದು ತಾಲ್ಲೂಕಿನ ಪುಸ್ತಕ ಸೇರುತ್ತವೆ. ಶಿವಮೊಗ್ಗದಲ್ಲಿ ಇದರ ತಿರುಗುಮುರುಗು. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಘಟನೆ ನಡೆದ ಸ್ಥಳದಲ್ಲಿಯೇ ನೋಂದಣಿ ಆಗಬೇಕು. ಸುತ್ತಲ ತಾಲ್ಲೂಕುಗಳಿಂದ ಕೊನೆಯ ಗಳಿಗೆಯಲ್ಲಿ ಮೆಗ್ಗಾನ್ ಆಸ್ಪತ್ರೆಗೆ ತಂದ ಕೂಸು ಅಲ್ಲಿ ತೀರಿಕೊಂಡರೆ ಆ ಸಾವು ಶಿವಮೊಗ್ಗ ನಗರದ್ದಾಗುತ್ತದೆ. ಚಿಕಿತ್ಸೆ ಇರುವ ಊರೇ ಸಾವಿನ ಊರಾಗಿ ಕಾಣುವ ಈ ವಿಪರ್ಯಾಸವನ್ನು ನಿವಾಸಸ್ಥಳದ ಪ್ರಕಾರ ವಿಂಗಡಿಸದೆ ಸರಿಪಡಿಸಲಾಗದು.

ನೆಲೆನಿಂತ ಜ್ವರದ ಬೇರು ಸಡಿಲಿಸಿದ್ದು ಡಿ.ಡಿ.ಟಿ. ನೆರೆಯ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ 1940ರ ದಶಕದ ಮಧ್ಯದಲ್ಲಿ ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಯ ಗೋಡೆಗಳಿಗೆ ಅದನ್ನು ಸಿಂಪಡಿಸುವ ಕಾರ್ಯ ನಡೆಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದಿತು. ಜ್ವರ ಇಳಿದಾಗ ಅದರ ಲಾಭದ ದೊಡ್ಡ ಪಾಲು ಮಕ್ಕಳಿಗೇ ದಕ್ಕಿತು, ಏಕೆಂದರೆ ನಷ್ಟದ ದೊಡ್ಡ ಪಾಲೂ ಅವರದೇ ಆಗಿತ್ತು. ಅದೇ ದಶಕದ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಹೊಸ ರೋಗವೊಂದು ಪತ್ತೆಯಾಯಿತು. ಉಣ್ಣೆಯಿಂದ ಹರಡುವ ಈ ಮಂಗನ ಕಾಯಿಲೆ ಹಿಡಿದದ್ದು ಹೆಚ್ಚಾಗಿ ಸೌದೆ, ಸೊಪ್ಪು, ತರಗೆಲೆಗಾಗಿ ಕಾಡಿಗೆ ಹೋಗುವವರನ್ನು. ತೊಟ್ಟಿಲ ಕೂಸು ಕಾಡಿಗೆ ಹೋಗುವುದಿಲ್ಲ.

ಮುಂದಿನ ಇಳಿಕೆಗೆ ಒಂದೇ ಕಾರಣವನ್ನು ತೋರಿಸಲಾಗದು. ಸಿಡುಬಿನ ನಿರ್ಮೂಲನ, 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ, ಆಸ್ಪತ್ರೆಯ ಹೆರಿಗೆ, ಹೆಣ್ಣುಮಕ್ಕಳ ಓದು ಎಲ್ಲವೂ ಕೂಡಿ ಕೆಲಸ ಮಾಡಿದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ ಶಿಶು ಮರಣ 1992–93ರಲ್ಲಿ ಸಾವಿರಕ್ಕೆ ಸುಮಾರು 65 ಇದ್ದದ್ದು 2019–20ರ ಹೊತ್ತಿಗೆ ಸುಮಾರು 25 ಆಗಿತ್ತು. ಮಾದರಿ ನೋಂದಣಿ ವ್ಯವಸ್ಥೆಯ ಅಂಕಿಗಳು ಇನ್ನೂ ಸ್ಪಷ್ಟ: 2005ರಲ್ಲಿ 50, 2010ರಲ್ಲಿ 38, 2020ರಲ್ಲಿ 19. ಅದೇ ಹದಿನೈದು ವರ್ಷಗಳಲ್ಲಿ ರಾಜ್ಯದ ಸಾಮಾನ್ಯ ಮರಣ ದರ 7.1ರಿಂದ 6.2ಕ್ಕೆ ಮಾತ್ರ ಇಳಿಯಿತು. ದೊಡ್ಡವರ ಆರೋಗ್ಯ ಸುಧಾರಿಸಲಿಲ್ಲವೆಂದು ಇದರ ಅರ್ಥವಲ್ಲ. ಜನಸಂಖ್ಯೆಯಲ್ಲಿ ವೃದ್ಧರ ಪಾಲು ಹೆಚ್ಚಿದಂತೆ ಒಟ್ಟು ದರ ಕೆಳಗಿಳಿಯಲು ತಡೆಯಾಗುತ್ತದೆ. ಉಳಿದಿರುವ ಶಿಶು ಮರಣದ ಬಹುಪಾಲು ಮೊದಲ ತಿಂಗಳಿಗೆ ಸೇರಿದ್ದು. ಅವಧಿಗೆ ಮುನ್ನ ಹುಟ್ಟುವುದು, ತೂಕದ ಕೊರತೆ, ಹೆರಿಗೆಯ ವೇಳೆ ಉಸಿರು ಕಟ್ಟುವುದು, ಸೋಂಕು ಇದರ ಕಾರಣಗಳು. ಗೋಡೆಗೆ ಔಷಧ ಹೊಡೆದು ನಿವಾರಿಸುವಂಥವಲ್ಲ ಇವು.

2020–21ರ ಕೋವಿಡ್ ಹೊಸ ರೋಗಗಳ ನಡೆಯನ್ನು ಕೊನೆಯ ಅಂಚಿಗೆ ಒಯ್ದಿತು. ಈ ಎರಡು ವರ್ಷಗಳಲ್ಲಿ ಭಾರತದಲ್ಲಿ ನಿರೀಕ್ಷಿತಕ್ಕಿಂತ ಸುಮಾರು 47 ಲಕ್ಷ ಸಾವುಗಳು ಹೆಚ್ಚಾಗಿ ಸಂಭವಿಸಿದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ಭಾರತ ಸರ್ಕಾರ ಆ ಲೆಕ್ಕವನ್ನು ಒಪ್ಪಲಿಲ್ಲ. ಸಂಖ್ಯೆಯ ವಿವಾದ ಏನೇ ಇದ್ದರೂ ವಯಸ್ಸಿನ ವಿಚಾರದಲ್ಲಿ ವಿವಾದವಿಲ್ಲ: ಸತ್ತವರಲ್ಲಿ ಮಕ್ಕಳು ಅತ್ಯಲ್ಪ, ಹಿರಿಯರೇ ಅಧಿಕ. ಆದರೂ ಮಕ್ಕಳು ಈ ಚರಿತ್ರೆಯಿಂದ ಹೊರಗುಳಿಯಲಿಲ್ಲ. 2021ರಲ್ಲಿ ಕರ್ನಾಟಕ ಸರ್ಕಾರ ಕೋವಿಡ್‌ನಿಂದ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ‘ಬಾಲ ಸೇವಾ ಯೋಜನೆ’ಯನ್ನು ಪ್ರಕಟಿಸಿ ತಿಂಗಳಿಗೆ 3,500 ರೂಪಾಯಿ ಗೊತ್ತುಪಡಿಸಿತು. 1918ರ ತಬ್ಬಲಿಗಳಿಗೆ ಇಂತಹ ಪಟ್ಟಿಯೊಂದು ಇರಲಿಲ್ಲ; ಅವರಲ್ಲಿ ಬಹಳಷ್ಟು ಕೂಸುಗಳು ಮುಂದಿನ ಜನಗಣತಿಯವರೆಗೆ ಉಳಿಯಲೂ ಇಲ್ಲ.