ಜಲಸಂಗಿಯನ್ನು ಮರೆತ ಹೊಯ್ಸಳ ಸಾಹಸ

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವದೇವಾಲಯವೊಂದಿದೆ. ಅದರ ಹೊರಗೋಡೆಯ ತುಂಬ ನೀಳಕಾಯದ ಸುಂದರಿಯರ ಶಿಲ್ಪಗಳು. ಅವರಲ್ಲಿ ಒಬ್ಬಳು ಫಲಕವೊಂದರ ಮೇಲೆ ಏನನ್ನೋ ಬರೆಯುತ್ತಿದ್ದಾಳೆ. ಬರೆದಿರುವುದು ದೊರೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಶಾಸನವನ್ನೇ ಶಿಲ್ಪದ ಕೈಗೆ ಕೊಟ್ಟ ಇಂಥ ಕಲ್ಪನೆ ಅಪರೂಪದ್ದು.

ಇದೇ ಸುಂದರಿಯರ ತಂಗಿಯರನ್ನು ದೂರದ ಬೇಲೂರಿನಲ್ಲಿ ಕಾಣಬಹುದು. ಆದರೆ ಹೊಯ್ಸಳರ ಹೆಸರನ್ನು ಜಗತ್ತಿನ ಮಕ್ಕಳಿಗೆ ಮುಟ್ಟಿಸಿದ ಒಂದು ವಿಡಿಯೊ ಗೇಮ್ ಈ ನಂಟನ್ನು ಕಾಣಲೇ ಇಲ್ಲ.

ಅದು 'ಅನ್‌ಚಾರ್ಟೆಡ್' ಸರಣಿಯ 'ದಿ ಲಾಸ್ಟ್ ಲೆಗಸಿ'. 2007ರಲ್ಲಿ ಆರಂಭವಾದ ಈ ಸಾಹಸ ಸರಣಿಗೆ ಅಮೆರಿಕದ ನಾಟಿ ಡಾಗ್ ಸಂಸ್ಥೆ 2017ರಲ್ಲಿ ಇದನ್ನು ಸೇರಿಸಿತು. ಮೊದಲು ಹಿಂದಿನ ಆಟಕ್ಕೊಂದು ಅನುಬಂಧವಾಗಿ ಯೋಚಿಸಿದ್ದು, ಬೆಳೆದು ಸ್ವತಂತ್ರ ಆಟವಾಯಿತು. ಭಾರತೀಯ ಮೂಲದ ಕ್ಲೋಯಿ ಎಂಬ ನಾಯಕಿ ಪಶ್ಚಿಮ ಘಟ್ಟದಲ್ಲಿ ಗಣೇಶನ ದಂತವನ್ನು ಹುಡುಕಿ ಹೊರಡುತ್ತಾಳೆ. ಆಟವಾಗಿ ಇದನ್ನು ಬಹಳ ಮಂದಿ ಮೆಚ್ಚಿದರು. ಹಳೆಯ ಜಾಡನ್ನೇ ಮತ್ತೆ ತುಳಿದಿದೆ ಎಂದವರೂ ಇದ್ದರು. ಕನ್ನಡನಾಡಿನ ಚರಿತ್ರೆ ಬಲ್ಲವರ ನಿರಾಸೆಯೇ ಬೇರೆ.

ಆಟದಲ್ಲಿ ಹೊಯ್ಸಳರ ವೈಭವವೆಂದರೆ ಬೆಟ್ಟದೆತ್ತರದ ವಿಗ್ರಹಗಳು, ಜಲಪಾತಗಳ ನಡುವಿನ ಪಾಳುಕೋಟೆಗಳು, ಕಾಡು ನುಂಗಿದ ನಗರಗಳು. ಘಟ್ಟವನ್ನು ಆರಿಸಿದ್ದು ಪೂರ್ತಿ ತಪ್ಪಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಹಿಂದಿನ ಸೊಸೆವೂರು, ಆ ವಂಶದ ಮೂಲಸ್ಥಾನ. ಆದರೆ ಬೇಲೂರು ಎಂದೂ ಕಳೆದುಹೋದ ಊರಲ್ಲ. ಅಲ್ಲಿನ ಚೆನ್ನಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತಿದೆ. ಹೊಯ್ಸಳರ ಹಿರಿಮೆ ಇರುವುದು ಗಾತ್ರದಲ್ಲೂ ಅಲ್ಲ, ನಯದಲ್ಲಿ. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುವ ಬಳಪದ ಕಲ್ಲಿನಲ್ಲಿ ಅವರು ಬಳೆ, ಸರ, ಬೆರಳ ತುದಿಗಳನ್ನು ಕೊರೆಸಿದರು.

ಆ ಕೈಚಳಕ ಬಂದದ್ದು ಎಲ್ಲಿಂದ? ಉತ್ತರಕ್ಕೆ ಇಂದಿನ ಬಸವಕಲ್ಯಾಣದತ್ತ ನೋಡಬೇಕು. ಅದೇ ಚಾಲುಕ್ಯರ ರಾಜಧಾನಿ ಕಲ್ಯಾಣ. ವಿಕ್ರಮಾದಿತ್ಯ 1076ರಿಂದ 1126ರವರೆಗೆ ಅಲ್ಲಿಂದ ಆಳಿದ. 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರ, ಕಾಶ್ಮೀರದಿಂದ ಬಂದ ಕವಿ ಬಿಲ್ಹಣ ಅವನ ಆಶ್ರಯದಲ್ಲಿದ್ದರು. ಹೊಯ್ಸಳರು ಆಗ ಅವನ ಸಾಮಂತರು. ವಿಷ್ಣುವರ್ಧನನ ತಂದೆ ಎರೆಯಂಗ ಚಾಲುಕ್ಯರ ಪರವಾಗಿ ಮಾಳವದ ಧಾರಾನಗರದವರೆಗೆ ಹೋಗಿ ಕಾದಿದ್ದ.

ಮಗನ ಕಾಲಕ್ಕೆ ಗಾಳಿ ತಿರುಗಿತು. 1116ರಲ್ಲಿ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದ. 1117ರಲ್ಲಿ ಬೇಲೂರಿನ ದೇವಾಲಯ ಪ್ರತಿಷ್ಠೆಗೊಂಡಿತು. ಮರುವರ್ಷವೇ ಅವನ ದಂಡನಾಯಕ ಗಂಗರಾಜ ಕಣ್ಣೇಗಾಲದಲ್ಲಿ ಚಾಲುಕ್ಯ ಸೈನ್ಯದ ಮೇಲೆ ರಾತ್ರಿ ಎರಗಿದ. ಆದರೂ ಒಡೆಯನ ನೊಗ ಪೂರ್ತಿ ಕಳಚಿದ್ದು ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ, ಆ ಶತಮಾನದ ಕೊನೆಗೆ.

ಅರಸರು ಹೀಗೆ ಕಾದಾಡುತ್ತಿದ್ದಾಗ ಶಿಲ್ಪಿಗಳು ಮಾತ್ರ ಗಡಿ ದಾಟುತ್ತಿದ್ದರು. ಬೇಲೂರಿನ ಮದನಿಕೆಯರ ಪೀಠಗಳಲ್ಲಿ ಅವರ ರುಜುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅವರಲ್ಲಿ ಮುಖ್ಯರು. ಬಳ್ಳಿಗಾವೆ ಚಾಲುಕ್ಯ ನಾಡಿನ ಹೆಸರಾಂತ ಪಟ್ಟಣ. ಜಲಸಂಗಿಯ ಗೋಡೆಯಲ್ಲಿ ನಿಂತ ಸುಂದರಿಯರು ಬೇಲೂರಿನಲ್ಲಿ ಕಂಬದ ಮೇಲೇರಿ, ಸೂರಿಗೆ ಬಾಗಿ ನಿಂತ ಮದನಿಕೆಯರಾದರು ಎಂದು ಕಲಾ ಇತಿಹಾಸಕಾರರು ಗುರುತಿಸುತ್ತಾರೆ.

ನಿಜವಾದ ಸುಳಿವುಗಳೆಂದರೆ ಇವು. ಪೀಠದ ಮೇಲಿನ ಒಂದು ಹೆಸರು, ಫಲಕದ ಮೇಲಿನ ಒಂದು ಬರಹ, ಒಂದೇ ಮೈಮಾಟದ ಎರಡು ಶಿಲ್ಪ. ಇವನ್ನು ಹಿಡಿದು ಬೇಲೂರಿನಿಂದ ಕಲ್ಯಾಣದವರೆಗೆ ನಡೆಯಬಹುದಿತ್ತು. ಆಟ ಕಟ್ಟಿದವರು ಅದರ ಬದಲು ಎಲ್ಲ ಸಾಹಸಕಥೆಗಳಲ್ಲೂ ಇರುವ ನಿಧಿಯನ್ನೇ ಇಟ್ಟರು. ಕಲ್ಪನೆಗೆ ಸ್ವಾತಂತ್ರ್ಯ ಇರಲಿ. ಆದರೆ ನಿಧಿಯಷ್ಟೇ ಮುಖ್ಯವಾದರೆ ಅದನ್ನು ಮಾಡಿದ ಮನುಷ್ಯ ಮರೆಯಾಗುತ್ತಾನೆ. ಇಲ್ಲಿ ಮರೆಯಾದವನು ಹೆಸರು ಕೆತ್ತಿಟ್ಟೇ ಹೋಗಿದ್ದ ದಾಸೋಜ.

ತಪ್ಪು ಹೊರಗಿನವರದು ಮಾತ್ರವೇ? 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅದು ಸಂತೋಷದ ಸಂಗತಿ. ಆದರೆ ಜಲಸಂಗಿಯನ್ನಾಗಲಿ, ಬಸವಕಲ್ಯಾಣದ ಬಳಿಯ ನಾರಾಯಣಪುರದ ಚಾಲುಕ್ಯ ದೇವಾಲಯವನ್ನಾಗಲಿ ನೋಡಿ ಬಂದವರು ನಮ್ಮಲ್ಲಿ ಎಷ್ಟು ಮಂದಿ? ಬೀದರ್ ಜಿಲ್ಲೆಯ ಹುಡುಗನೊಬ್ಬ ಪರದೆಯ ಮೇಲಿನ ಹಳೇಬೀಡಿನಲ್ಲಿ ಗಂಟೆಗಟ್ಟಲೆ ಅಲೆಯಬಲ್ಲ. ಅವನನ್ನು ಒಂದು ಭಾನುವಾರ ಜಲಸಂಗಿಗೆ ಕರೆದೊಯ್ದು, ಬರೆಯುತ್ತಿರುವ ಆ ಹೆಣ್ಣನ್ನು ತೋರಿಸುವುದು ಹಿರಿಯರಾದ ನಮ್ಮ ಕೆಲಸ.