ನೀರೊಳ್ಳೆ ಹಾವು

ನೀರೊಳ್ಳೆ (ವೈಜ್ಞಾನಿಕ ಹೆಸರು: ಫೌಲಿಯಾ ಪಿಸ್ಕೇಟರ್) ಸಿಹಿನೀರಿನ ಆಸುಪಾಸಿನಲ್ಲಿ ವಾಸಿಸುವ ವಿಷರಹಿತ ಹಾವು. ಇದನ್ನು ಒಳ್ಳೆ ಹಾವು, ನೀರುಹಾವು ಎಂದೂ ಕರೆಯುತ್ತಾರೆ. ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶಗಳಲ್ಲಿ ಇದು ಕಂಡುಬರುತ್ತದೆ. 1799ರಲ್ಲಿ ಜರ್ಮನಿಯ ವಿದ್ವಾಂಸ ಯೋಹಾನ್ ಗಾಟ್ಲೋಬ್ ಶ್ನೈಡರ್ ಇದನ್ನು ಮೊದಲಿಗೆ ವೈಜ್ಞಾನಿಕವಾಗಿ ಹೆಸರಿಸಿದನು. ಲ್ಯಾಟಿನ್ ಭಾಷೆಯಲ್ಲಿ 'ಪಿಸ್ಕೇಟರ್' ಎಂದರೆ ಮೀನುಗಾರ. ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಕ್ಸೆನೋಕ್ರೋಫಿಸ್ ಪಿಸ್ಕೇಟರ್ ಎಂದಿದೆ.

ದೇಹರಚನೆ

ವಯಸ್ಕ ಹಾವುಗಳು ಸಾಮಾನ್ಯವಾಗಿ ಒಂದು ಮೀಟರಿನೊಳಗೆ ಇರುತ್ತವೆ. ಕೆಲವು ಅದಕ್ಕಿಂತ ಉದ್ದ ಬೆಳೆಯುವುದುಂಟು. ಹೆಣ್ಣು ಗಂಡಿಗಿಂತ ದೊಡ್ಡದು. ಹಳದಿ, ಕಂದು ಅಥವಾ ಹಸಿರು ಛಾಯೆಯ ಮೈಮೇಲೆ ಚದುರಂಗದ ಮಣೆಯಂತೆ ಕಪ್ಪು ಚೌಕುಳಿಗಳಿರುತ್ತವೆ. ಕಣ್ಣಿನ ಕೆಳಗೆ ಮತ್ತು ಹಿಂದೆ ಓರೆಯಾಗಿ ಇಳಿಯುವ ಎರಡು ಕಪ್ಪು ಗೆರೆಗಳು ಇದರ ಮುಖ್ಯ ಗುರುತು. ಬೆನ್ನಿನ ಹುರುಪೆಗಳ ನಡುವೆ ಸಣ್ಣ ಏಣು ಇರುವುದರಿಂದ ಮೈ ಒರಟಾಗಿರುತ್ತದೆ.

ಆವಾಸ ಮತ್ತು ಆಹಾರ

ಕೆರೆ, ಕಟ್ಟೆ, ಹೊಳೆ, ಕಾಲುವೆ ಮತ್ತು ಭತ್ತದ ಗದ್ದೆಗಳು ಇದರ ನೆಲೆ. ಇದು ಚೆನ್ನಾಗಿ ಈಜುತ್ತದೆ. ಆದರೆ ಉಸಿರಾಟಕ್ಕೆ ನೀರಿನ ಮೇಲಕ್ಕೆ ಬರಬೇಕು, ಮೊಟ್ಟೆಯಿಡಲು ನೆಲಕ್ಕೇ ಬರಬೇಕು. ಆದ್ದರಿಂದ ನೀರಿನಷ್ಟೇ ಅದರ ಅಂಚಿನ ಜೊಂಡು, ಏರಿಯ ಕಲ್ಲುಸಂದು, ಬದುವಿನ ಬಿಲಗಳೂ ಇದಕ್ಕೆ ಅವಶ್ಯ. ಮೀನು ಮತ್ತು ಕಪ್ಪೆ ಇದರ ಮುಖ್ಯ ಆಹಾರ; ಕೆಲವೊಮ್ಮೆ ಇಲಿಗಳನ್ನೂ ಹಿಡಿಯುತ್ತದೆ. ಹದ್ದು, ಕೊಕ್ಕರೆ ಮುಂತಾದ ಹಕ್ಕಿಗಳಿಗೆ ಇದೇ ಆಹಾರ.

ಸಂತಾನೋತ್ಪತ್ತಿ

ಹೆಣ್ಣು ಬಿಲ ಅಥವಾ ಪೊಟರೆಗಳಲ್ಲಿ ಮೊಟ್ಟೆಯಿಡುತ್ತದೆ. ಒಂದು ಸಲಕ್ಕೆ ಹಲವು ಹತ್ತು ಮೊಟ್ಟೆಗಳಿರುವುದು ಸಾಮಾನ್ಯ. ತಾಯಿ ಹಾವು ಮೊಟ್ಟೆಗಳ ಬಳಿಯಿದ್ದು ಕಾಯುವುದನ್ನು ಗಮನಿಸಲಾಗಿದೆ.

ನಾಗರಹಾವೆಂಬ ತಪ್ಪು ತಿಳಿವಳಿಕೆ

ಬೆದರಿದಾಗ ನೀರೊಳ್ಳೆ ತಲೆಯೆತ್ತಿ ಕತ್ತನ್ನು ಚಪ್ಪಟೆ ಮಾಡುತ್ತದೆ, ರಭಸದಿಂದ ಕಚ್ಚುತ್ತದೆ. ಇದನ್ನು ಹೆಡೆಯೆಂದು ಭ್ರಮಿಸಿ ಜನರು ಹೊಡೆದು ಕೊಲ್ಲುವುದುಂಟು. ನಾಗರಹಾವಿನ ಹೆಡೆ ಇದಕ್ಕಿಂತ ಬಹಳ ಅಗಲ, ಅದರ ಹುರುಪೆಗಳು ನುಣುಪು. ನೀರೊಳ್ಳೆಯ ಕಡಿತದಿಂದ ರಕ್ತ ಒಸರಿದರೂ ಪ್ರಾಣಾಪಾಯವಿಲ್ಲ. ಗಾಯವನ್ನು ಸೋಪಿನಿಂದ ತೊಳೆಯಬೇಕು. ಆದರೆ ಕಚ್ಚಿದ ಹಾವು ಯಾವುದೆಂದು ಖಚಿತವಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗುವುದೇ ಸರಿ.

ಸಂರಕ್ಷಣೆ

ಈ ಪ್ರಭೇದ ಸದ್ಯ ಅಳಿವಿನಂಚಿನಲ್ಲಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದಕ್ಕೆ ರಕ್ಷಣೆಯಿದೆ. ಕೊಲ್ಲುವುದು, ಹಿಡಿದಿಟ್ಟುಕೊಳ್ಳುವುದು ಅಪರಾಧ. ಮೀನಿನ ಬಲೆಗೆ ಸಿಕ್ಕಿ ಉಸಿರುಕಟ್ಟುವುದು, ಗದ್ದೆಗಳ ಕೀಟನಾಶಕ, ಕೆರೆಗಳ ಒತ್ತುವರಿ ಇದಕ್ಕೆ ಕುತ್ತಾಗಿವೆ. ಕೆರೆಯಲ್ಲಿ ನೀರಿದ್ದರೂ ದಡವನ್ನೆಲ್ಲ ಕಾಂಕ್ರೀಟಿನಿಂದ ಮುಚ್ಚಿದರೆ ಮೊಟ್ಟೆಯಿಡಲು ಇದಕ್ಕೆ ಜಾಗ ಉಳಿಯುವುದಿಲ್ಲ.