ಸಾಲಿ ಬಾಗಿಲು ತೆರೀತು, ಕುರ್ಚಿ ಯಾರದು?

ಸ್ವಲ್ಪ ಉದ್ದ ಆಗ್ಯಾದ, ಪುರುಸೊತ್ತು ಮಾಡ್ಕೊಂಡು ಓದ್ರಿ.

ನಮ್ಮ ಶಿಕ್ಷಣದ ಇತಿಹಾಸ ಹೇಳುವಾಗ ನಾವು ಬಾಗಿಲಿನ ಮಾತೇ ಹೆಚ್ಚು ಹೇಳ್ತೀವಿ. ಯಾವ ವರ್ಷ ಒಳಗ ಬಿಟ್ಟರು, ಎಲ್ಲಿ ಕೂಡಿಸಿದರು, ನೀರು ಹೆಂಗ ಕೊಟ್ಟರು ಅಂತ. ಆದರೆ ಒಳಗೆ ಮಾಸ್ತರ ಕುರ್ಚಿ ಮೇಲೆ ಯಾರು ಕೂತಿದ್ದರು ಅನ್ನೋದೂ ಒಂದು ಇತಿಹಾಸ. ಅದನ್ನ ನಾವು ಬರೆದದ್ದು ಕಡಿಮೆ.

ಚಿತ್ತಾಪುರದ ಮಗ್ಗುಲಿನ ನಾಗಾವಿಯಿಂದಲೇ ಶುರು ಮಾಡೋಣ. ಅಲ್ಲಿಯ 1058ರ ಶಾಸನದಲ್ಲಿ ಘಟಿಕಾಸ್ಥಾನದ ಲೆಕ್ಕ ಸಿಗುತ್ತದೆ. ವೇದ ಓದುವವರು 200, ಶಾಸ್ತ್ರ ಓದುವವರು 50, ಕಲಿಸುವವರು ಆರು ಮಂದಿ, ಪುಸ್ತಕ ಭಂಡಾರ ನೋಡಿಕೊಳ್ಳುವವರು ಆರು ಮಂದಿ. ನಮ್ಮ ಜಿಲ್ಲೆಯ ಹಳೇ ವಿಶ್ವವಿದ್ಯಾಲಯ ಅಂತ ವೇದಿಕೆ ಮೇಲೆ ಹೆಮ್ಮೆಯಿಂದ ಹೇಳ್ತಾರೆ. ಹೇಳಲಿ, ನಮ್ಮ ನೆಲದ್ದೇ ಅದು. ಆದರೆ ವೇದ ಕೇಳುವ ಹಕ್ಕೇ ಇಲ್ಲದ ನಮ್ಮ ಕೇರಿಯವರಿಗೆ ಆ 250ರಲ್ಲೂ ಜಾಗ ಇರಲಿಲ್ಲ, ಆ ಆರರಲ್ಲೂ ಇರಲಿಲ್ಲ.

ಎಂಟುನೂರು ವರ್ಷ ದಾಟಿ ಬರ್ರಿ. 1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ ಹುಡುಗ ಅರ್ಜಿ ಹಾಕಿದ. ನ್ಯಾಯ ಹುಡುಗನ ಕಡೆಗೇ ಅದ ಅಂತ ಬಾಂಬೆ ಸರ್ಕಾರ ಒಪ್ಪಿಕೊಂಡಿತು. ಒಬ್ಬನ ಸಲುವಾಗಿ ಶಾಲೆಯೇ ಖಾಲಿ ಆದೀತು ಅಂತ ಹೇಳಿ ಸೇರಿಸಿಕೊಳ್ಳಲಿಲ್ಲ. ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಪ್ರಕರಣವನ್ನ ಎತ್ತಿ ತೋರಿಸಿದ್ದಾರೆ.

ಕುರ್ಚಿಯ ಪ್ರಶ್ನೆ ಎತ್ತಿದವರು ಜ್ಯೋತಿಬಾ ಫುಲೆ. 1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ ಅವರು ಶಾಲೆ ಹೆಚ್ಚಿಸಿ ಅಂತ ಅಷ್ಟೇ ಕೇಳಲಿಲ್ಲ. ಪ್ರಾಥಮಿಕ ಶಾಲೆ ಮಾಸ್ತರರನ್ನ ಆದಷ್ಟು ದುಡಿಯುವ, ಉಳುವ ಜನರೊಳಗಿಂದಲೇ ಆರಿಸಬೇಕು ಅಂದರು. ಅಂಥವರು ಮಕ್ಕಳ ಜೊತೆ ಕೂತೇಳ್ತಾರೆ, ಅವರ ಕಷ್ಟ ತಿಳೀತಾರೆ, ದೂರ ನಿಂತು ಕಲಿಸೋದಿಲ್ಲ ಅನ್ನೋದು ಅವರ ವಾದ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಾಗ ಇದ್ದವು. ಅದೇ ಸಂಸ್ಥಾನದ ರಾಜಧಾನಿಯಲ್ಲಿ ಭಾಗ್ಯರೆಡ್ಡಿ ವರ್ಮ 1910ರಿಂದ ಆದಿಹಿಂದೂ ಮಕ್ಕಳಿಗೆ ಸಾಲಿ ತೆರೆದರು. ಅದಿಲಾಬಾದ್ ಜಿಲ್ಲೆಯ ಮಾರ್ಲವಾಯಿ ಅನ್ನೋ ಗೊಂಡರ ಹಳ್ಳಿಯಲ್ಲಿ 1943ರಲ್ಲಿ ಇನ್ನೊಂದು ಕೆಲಸ ಆಯಿತು. ಮಾನವಶಾಸ್ತ್ರಜ್ಞ ಹೈಮೆಂಡಾರ್ಫ್ ಮುಂದೆ ನಿಂತು ಗೊಂಡ ಯುವಕರಿಗೇ ಮಾಸ್ತರಿಕೆ ತರಬೇತಿ ಕೊಡಿಸಿದರು. ಗೊಂಡಿ ಭಾಷೆಯಲ್ಲೇ ಓದುವ ಪುಸ್ತಕ ಮಾಡಿಸಿದರು. ಇವತ್ತು ಚಿಂಚೋಳಿ ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡಿ ಕನ್ನಡ ಸಾಲಿಗೆ ಬರ್ತದ. ಮೊದಲ ದಿನ ಅದರ ಮಾತು ತಿಳಿಯೋ ಒಬ್ಬ ಮಾಸ್ತರೋ ಅಕ್ಕೋರೋ ಇದ್ದರೆ ಏನು ವ್ಯತ್ಯಾಸ ಆಗ್ತದ, ನೀವೇ ಯೋಚಿಸ್ರಿ.

“ಮಾಸ್ತರಿಗೆ ಜಾತಿ ಯಾಕ್ರಿ, ಛಲೋ ಕಲಿಸಿದರ ಸಾಕಲ್ಲ?” ಅಂತ ಕೇಳೋರು ಅದಾರ. ಒಳ್ಳೆ ಮಾಸ್ತರು ಎಲ್ಲಾ ಜಾತಿಯಲ್ಲೂ ಅದಾರ. ಬಾಬಾಸಾಹೇಬರ ಕೈಗೆ ಬುದ್ಧನ ಚರಿತ್ರೆ ಕೊಟ್ಟ ಕೇಳೂಸ್ಕರ್ ಗುರುಗಳನ್ನ ಮರೆಯೋಕಾಗಲ್ಲ. ಆದರೆ ಅದೇ ಬಾಬಾಸಾಹೇಬರು 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದಾಗ, ಸಿಬ್ಬಂದಿಯ ನೀರಿನ ಕೊಡ ಮುಟ್ಟಬಾರದು ಅಂತ ಜೊತೆಯವರೇ ತಕರಾರು ತೆಗೆದರು. ಕುರ್ಚಿ ಮೇಲೆ ನಮ್ಮವರು ಕೂತಾಗಲೇ ಆ ಕೋಣೆಯ ಜಾತಿ ಹೊರಗ ಬಿತ್ತು. ನಮ್ಮ ಅಕ್ಕೋರ ಕೈಯಲ್ಲಿ ಕಲಿಯೋದು ಗೌಡರ ಮಗುವಿಗೂ ಬೇಕಾದ ಪಾಠ.

ಅಮೆರಿಕದಿಂದ ಒಂದು ಎಚ್ಚರಿಕೆ ಅದ. 1954ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಕರಿಯರಿಗೆ ಬೇರೆ ಶಾಲೆ ಇರಕೂಡದು ಅಂದಿತು. ಮಕ್ಕಳು ಒಂದಾದರು. ಆದರೆ ಕರಿಯರ ಶಾಲೆ ಮುಚ್ಚಿದಾಗ, 1965ರ ಹೊತ್ತಿಗೆ ಸುಮಾರು 38,000 ಕರಿಯ ಶಿಕ್ಷಕರು ಕೆಲಸ ಕಳಕೊಂಡರು. ಅದರ ಬೆಲೆ ಎಷ್ಟು ಅಂತ ಈಗ ಲೆಕ್ಕ ಹಾಕ್ತಿದ್ದಾರೆ. ನಾರ್ತ್ ಕೆರೊಲಿನಾದ ಮಕ್ಕಳ ಮೇಲಿನ 2017ರ ಅಧ್ಯಯನದ ಪ್ರಕಾರ, 3ರಿಂದ 5ನೇ ತರಗತಿಯೊಳಗ ಒಬ್ಬ ಕರಿಯ ಶಿಕ್ಷಕರು ಸಿಕ್ಕರೂ ಸಾಕು, ಕಡುಬಡ ಕರಿಯ ಹುಡುಗರು ಮುಂದೆ ಶಾಲೆ ಬಿಡುವ ಸಾಧ್ಯತೆ 39% ಕಡಿಮೆ ಆಗಿತ್ತು.

ಈಗ ನಮ್ಮ ಕಡಿ ಬರೋಣ. ಮೀಸಲಾತಿ ಅದ. 371(ಜೆ) ಬಂದ ಮೇಲೆ ಗ್ರೂಪ್ ‘ಸಿ’ ಹುದ್ದೆಯಲ್ಲಿ 80% ಸ್ಥಳೀಯರಿಗೆ ಅದ. ಇನ್ನೇನು ಬೇಕು ಅಂತೀರಾ? ನಾನು ಆಫೀಸಿನ ಗುಮಾಸ್ತ, ರೋಸ್ಟರ್ ಅಂದರೇನು ಅಂತ ಗೊತ್ತು. ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿ ನಡೆಯೋದು ಜಿಲ್ಲಾವಾರು. ರೋಸ್ಟರ್ ಬಿಂದು ಜಿಲ್ಲೆಯ ಲೆಕ್ಕದಲ್ಲಿ ತುಂಬಿದರೆ ಕಾಗದದ ಮೇಲೆ ಎಲ್ಲಾ ಸರಿ. ಯಾವ ಊರಿನ ಸಾಲಿಗೆ ಯಾರು ಅನ್ನೋದು ಕೌನ್ಸೆಲಿಂಗ್‌ನಲ್ಲಿ, ವರ್ಗಾವಣೆಯಲ್ಲಿ ತೀರ್ಮಾನ ಆಗ್ತದ. ದೊಡ್ಡ ಊರಿನ ಸಾಲಿಗೆ ನಮ್ಮವರು ಇಬ್ಬರು ಇರಬಹುದು, ಹತ್ತು ಹಳ್ಳಿಗೆ ಒಬ್ಬರೂ ಇಲ್ಲದೆ ಇರಬಹುದು. ಹಳ್ಳಿಯಲ್ಲಿ ಬಾಡಿಗೆ ಮನೆ ಕೇಳಿದರೆ ಮೊದಲು “ಯಾವ ಮಂದಿರಿ?” ಅಂತ ಕೇಳ್ತಾರೆ. ಹಿಂಗಾಗಿ ನಮ್ಮ ಮಾಸ್ತರು ದಿನಾ ಬಸ್ಸಿಗೆ ಓಡಾಡ್ತಾರೆ, ಅವಕಾಶ ಸಿಕ್ಕಾಗ ವರ್ಗಾವಣೆ ತಗೋತಾರೆ. ಅವರನ್ನ ಬೈಯೋಕೆ ನನಗೆ ಮನಸಿಲ್ಲ.

ನಮ್ಮೊಳಗೂ ಕೇಳಿಕೊಳ್ಳಬೇಕು. ಹೊಲೆಯ, ಮಾದಿಗ, ಲಂಬಾಣಿ, ಅಲೆಮಾರಿ, ಇವರೊಳಗ ಕುರ್ಚಿ ತನಕ ಇನ್ನೂ ಬರದವರು ಯಾರು? ಅವರಲ್ಲಿ ಹೆಣ್ಣುಮಕ್ಕಳು ಎಷ್ಟು?

ಅದಕ್ಕೇ ಒಂದು ಕೆಲಸ ಹೇಳ್ತೀನಿ. ಯುಡೈಸ್ ಮಾಹಿತಿ ತುಂಬುವಾಗ ಪ್ರತಿ ಶಾಲೆಯೂ ಶಿಕ್ಷಕರ ಸಾಮಾಜಿಕ ವರ್ಗ ಬರೀತದ. ಅಂದರೆ ಲೆಕ್ಕ ಸರ್ಕಾರದ ಹತ್ತಿರ ಅದ. ಐದೂ ಊರಿನ ಗೆಳೆಯರು ನಿಮ್ಮ ಬಿಇಒ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ. ಮೂರು ಪ್ರಶ್ನೆ ಸಾಕು:

1. ಶಾಲೆವಾರು ಎಸ್‌ಸಿ, ಎಸ್‌ಟಿ ಶಿಕ್ಷಕರು, ಶಿಕ್ಷಕಿಯರು ಎಷ್ಟು?
2. ಒಬ್ಬರೂ ಇಲ್ಲದ ಶಾಲೆಗಳು ಯಾವು?
3. ಈ ವರ್ಷದ ಅತಿಥಿ ಶಿಕ್ಷಕರಲ್ಲಿ ಎಷ್ಟು ಮಂದಿ ಎಸ್‌ಸಿ, ಎಸ್‌ಟಿ?

ಯಾರ ಹೆಸರೂ ಕೇಳಬ್ಯಾಡ್ರಿ, ಸಂಖ್ಯೆ ಅಷ್ಟೇ ಸಾಕು. ಉತ್ತರ ಬಂದಂಗ ಇಲ್ಲೇ ಹಾಕ್ರಿ, ತಾಲೂಕುವಾರು ಪಟ್ಟಿ ನಾನು ಮಾಡ್ತೀನಿ. ಅದನ್ನ ಹಿಡಕೊಂಡು ಕಲಬುರಗಿಗೆ ಡಿಡಿಪಿಐ ಹತ್ತಿರ ಹೋಗೋಣ.

ಜೈ ಭೀಮ್. ಜೈ ಸಾವಿತ್ರಿಬಾಯಿ.